ಕೋಟಿನ ಭುಜ ನೋಡುವ ತಾತ

ವಯಸ್ಸಾದ ಒಬ್ಬ ಮನುಷ್ಯ ಹರಿದ ಮಳೆಕೋಟಿಗೆ ಟೇಪು ಅಂಟಿಸುತ್ತಿದ್ದಾರೆ. ತಲೆ ಮೇಲಿಂದ ಇಳಿಬಿಡುವ ಪ್ಲಾಸ್ಟಿಕ್ ಕೋಟು ಅದು, ನಮ್ಮಲ್ಲಿ ಮಳೆಗಾಲ ಬಂದರೆ ಫುಟ್‌ಪಾತ್ ಮೇಲೆ ಮಾರುತ್ತಾರಲ್ಲ, ಆ ಥರದ್ದು. "ಒಂದ್ನಿಮಿಷ ನಿಲ್ಸೇ," ಅಂದರು ಚಿಕ್ಕಮ್ಮ. ಲ್ಯಾಪ್‌ಟಾಪಿನಲ್ಲಿ ಓಡುತ್ತಿದ್ದ ಸಿನಿಮಾ ನಿಲ್ಲಿಸಿದೆ. ಪಾಪ, ಎಂಥ ಬಡತನ ಅಂತ ಮರುಗುತ್ತಾರೇನೋ ಅಂದುಕೊಂಡೆ. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, "ಸರಿಯಾಗೇ ಮಾಡ್ತಿದಾರೆ ಕಣೇ. ಪ್ಲಾಸ್ಟಿಕ್ಕಿಗೆ ಸೂಜಿ ಹಾಕಿದ್ರೆ ತೂತು ತೂತಾಗಿ ಆ ತೂತಲ್ಲೇ ನೀರು ಸೋರುತ್ತೆ. ಅಂಟಿಸೋದೇ ವಾಸಿ," ಅಂದರು.

ಈ ಸಿನಿಮಾವನ್ನು ನಾನು ಮೊದಲೇ ಎರಡು ಸಲ ನೋಡಿದ್ದೆ. ಎರಡು ಸಲವೂ ಆ ಜಾಗದಲ್ಲಿ ನನಗೆ ಕಂಡದ್ದು ಸರಳ ಜೀವನ, ಅಷ್ಟೇ. ಬಟ್ಟೆ ಗೊತ್ತಿರುವವರ ಲೆಕ್ಕಾಚಾರ ಅಲ್ಲಿರಬಹುದು ಅಂತ ಹೊಳೆದೇ ಇರಲಿಲ್ಲ. ಆಮೇಲೆ ಉಳಿದ ಸಿನಿಮಾವನ್ನು ನಾನು ನೋಡಿದ್ದಕ್ಕಿಂತ ಚಿಕ್ಕಮ್ಮ ನೋಡುವುದನ್ನು ನೋಡಿದ್ದೇ ಜಾಸ್ತಿ.

ಸಿನಿಮಾದ ಹೆಸರು 'ಬಿಲ್ ಕನಿಂಗ್‌ಹ್ಯಾಮ್ ನ್ಯೂಯಾರ್ಕ್'. ಸಾಕ್ಷ್ಯಚಿತ್ರ, 84 ನಿಮಿಷ. ರಿಚರ್ಡ್ ಪ್ರೆಸ್ ನಿರ್ದೇಶನ, ಫಿಲಿಪ್ ಗೆಫ್ಟರ್ ನಿರ್ಮಾಣ. 2010ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ಪ್ರದರ್ಶನ, ಮುಂದಿನ ವರ್ಷ ಥಿಯೇಟರಿಗೆ ಬಂತು. ಬಿಲ್ ಕನಿಂಗ್‌ಹ್ಯಾಮ್ ಅಂದರೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಹತ್ತಿರ ಹತ್ತಿರ 40 ವರ್ಷ ರಸ್ತೆಯಲ್ಲಿ ಓಡಾಡುವ ಜನರ ಬಟ್ಟೆಯ ಫೋಟೊ ತೆಗೆದವರು. ಐದನೇ ಅವೆನ್ಯೂ ಮತ್ತು 57ನೇ ಬೀದಿ ಸೇರುವ ಮೂಲೆ ಅವರ ಖಾಯಂ ಜಾಗ. ಸೈಕಲ್ ಮೇಲೆ ಬರುತ್ತಿದ್ದರು, ಕುತ್ತಿಗೆಗೆ ಕ್ಯಾಮೆರಾ, ಮೈಮೇಲೆ ಯಾವಾಗಲೂ ಅದೇ ನೀಲಿ ಕೋಟು. ಸಿನಿಮಾ ತೆಗೆಯುವ ಹೊತ್ತಿಗೆ ಅವರಿಗೆ 80ರ ಆಸುಪಾಸು. ಅಷ್ಟರಲ್ಲಿ 28 ಸೈಕಲ್ ಕಳುವಾಗಿದ್ದವು, ಓಡಿಸುತ್ತಿದ್ದದ್ದು 29ನೆಯದು.

ಚಿಕ್ಕಮ್ಮನ ಬಗ್ಗೆ ಹೇಳಿಬಿಡುತ್ತೇನೆ. ತಿಪಟೂರಿನಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಮಿಷಿನ್ ಇಟ್ಟುಕೊಂಡು 30 ವರ್ಷದಿಂದ ಬ್ಲೌಸ್ ಹೊಲಿಯುತ್ತಾರೆ. ಮಂಡಿನೋವು ತೋರಿಸೋಕೆ ಬೆಂಗಳೂರಿಗೆ ಬಂದವರು ನಾಲ್ಕು ದಿನ ನಮ್ಮ ಮನೆಯಲ್ಲಿದ್ದರು. ಇಂಗ್ಲಿಷ್ ಬರುವುದಿಲ್ಲ. ಪಕ್ಕದಲ್ಲಿ ಕೂತು ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಅರ್ಧ ಗಂಟೆ ಆದಮೇಲೆ "ನೀ ಸುಮ್ನೆ ಕೂತ್ಕೊ, ನಂಗೆ ಗೊತ್ತಾಗ್ತಿದೆ" ಅಂದರು.

ಆ ನೀಲಿ ಕೋಟು ನೋಡಿದ ಕೂಡಲೇ ಅವರು ಹೇಳಿದ್ದು, ಇದು ಗ್ಯಾರೇಜಿನವರು ಹಾಕೋ ಬಟ್ಟೆ ಅಂತ. ಹೆಚ್ಚುಕಡಿಮೆ ಅದೇ. ಫ್ರಾನ್ಸಿನಲ್ಲಿ ಕೂಲಿ ಕೆಲಸದವರು, ರಸ್ತೆ ಗುಡಿಸುವವರು ಹಾಕಿಕೊಳ್ಳುವ ಒರಟು ಬಟ್ಟೆಯ ಕೋಟು. ಪ್ಯಾರಿಸ್ಸಿಗೆ ಹೋದಾಗ ಒಂದು ದೊಡ್ಡ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಕೊಂಡು ತರುತ್ತಿದ್ದರಂತೆ. ಜೇಬುಗಳು ಹೊರಗಡೆ ಇರುವುದರಿಂದ ಫಿಲ್ಮ್ ರೋಲ್ ಇಟ್ಟುಕೊಳ್ಳೋಕೆ ಅನುಕೂಲ. ಜಗತ್ತಿನ ಅತಿ ದುಬಾರಿ ಬಟ್ಟೆಗಳನ್ನು ಎದುರಿಗೆ ನಿಂತು ನೋಡಿದ ಮನುಷ್ಯ ತಾನು ಮಾತ್ರ ಕಸ ಗುಡಿಸುವವರ ಕೋಟು ಹಾಕಿಕೊಂಡು ಓಡಾಡಿದರು. ಇದನ್ನು ದೊಡ್ಡ ತ್ಯಾಗ ಅಂತೆಲ್ಲ ಅವರು ಹೇಳಿಕೊಳ್ಳುವುದಿಲ್ಲ. ಕ್ಯಾಮೆರಾ ಬೆಲ್ಟು ಉಜ್ಜಿ ಒಳ್ಳೆಯ ಕೋಟೆಲ್ಲ ಹಾಳಾಗುತ್ತೆ, ಇದಾದರೆ ತಡೆಯುತ್ತೆ, ಅಷ್ಟೇ ಲೆಕ್ಕ.

ಹುಟ್ಟಿದ್ದು 1929ರಲ್ಲಿ, ಬಾಸ್ಟನ್‌ನಲ್ಲಿ. ಐರಿಷ್ ಮೂಲದ ಕಟ್ಟುನಿಟ್ಟಿನ ಕ್ಯಾಥೊಲಿಕ್ ಮನೆ. ಸ್ಕಾಲರ್‌ಶಿಪ್ ಸಿಕ್ಕಿ ಹಾರ್ವರ್ಡ್ ಸೇರಿ, ಕೆಲವೇ ತಿಂಗಳಲ್ಲಿ ಬಿಟ್ಟು ನ್ಯೂಯಾರ್ಕಿಗೆ ಬಂದರು. ಬಂದು ಮಾಡಿದ್ದು ಹೆಂಗಸರ ಟೋಪಿ. ಮನೆಯವರಿಗೆ ಮುಜುಗರ ಆಗಬಾರದು ಅಂತ ಟೋಪಿಯ ಮೇಲೆ ಪೂರ್ತಿ ಹೆಸರು ಹಾಕದೆ 'ವಿಲಿಯಂ ಜೆ.' ಅಂತ ಮಾತ್ರ ಹಾಕಿದರು. ನಡುವೆ ಸೈನ್ಯಕ್ಕೆ ಹೋಗಿ ಬಂದರು. ಅರುವತ್ತರ ದಶಕದಲ್ಲಿ ಟೋಪಿ ಹಾಕಿಕೊಳ್ಳುವವರೇ ಕಡಿಮೆಯಾದರು, ಇವರು ಪತ್ರಿಕೆಗಳಿಗೆ ಫ್ಯಾಷನ್ ಬಗ್ಗೆ ಬರೆಯತೊಡಗಿದರು. 1967ರ ಸುಮಾರಿಗೆ ಡೇವಿಡ್ ಮಾಂಟ್ಗೊಮರಿ ಅನ್ನುವ ಫೋಟೊಗ್ರಾಫರ್ ಒಂದು ಸಣ್ಣ ಒಲಿಂಪಸ್ ಕ್ಯಾಮೆರಾ ಕೊಟ್ಟರು. 35 ಡಾಲರಿನ ಕ್ಯಾಮೆರಾ. ಒಂದು ಚೌಕದಲ್ಲಿ ಎರಡು ಫೋಟೊ ಹಿಡಿಸುವಂಥದ್ದು, 36ರ ರೋಲ್ ಹಾಕಿದರೆ 72 ಫೋಟೊ ಬರುತ್ತದೆ. ಕೊಡುವಾಗ ಮಾಂಟ್ಗೊಮರಿ ಹೇಳಿದ್ದು, ಇದನ್ನು ನೋಟ್‌ಬುಕ್ ಥರ ಬಳಸು ಅಂತ.

ಈ ಮಾತು ಹೇಳಿದಾಗ ಚಿಕ್ಕಮ್ಮ ನನ್ನ ಕಡೆ ತಿರುಗಿ, "ನಂದೂ ಒಂದು ಪುಸ್ತಕ ಐತಲ್ಲ," ಅಂದರು. ಇದೆ. ಅಳತೆ ಬರೆದುಕೊಳ್ಳುವ ಉದ್ದ ಪುಸ್ತಕ. ಮುಂದಿನಿಂದ ಗಿರಾಕಿಗಳ ಎದೆ, ಸೊಂಟ, ತೋಳಿನ ಅಳತೆ. ಹಿಂದಿನಿಂದ ಬೇರೆ ಏನೋ ಗೀಚಿರುತ್ತಾರೆ ಅಂತ ಚಿಕ್ಕವಳಿದ್ದಾಗಿನಿಂದ ಗೊತ್ತಿತ್ತು. ತೆಗೆದು ನೋಡಿರಲಿಲ್ಲ.

ಬಿಲ್ ಬಗ್ಗೆ ಎಲ್ಲರೂ ಹೇಳುವ ಕಥೆ ಒಂದಿದೆ. 1978. ರಸ್ತೆಯಲ್ಲಿ ಒಬ್ಬ ಹೆಂಗಸು ತುಪ್ಪಳದ ಕೋಟು ಹಾಕಿಕೊಂಡು ನಡೆದು ಹೋಗುತ್ತಿದ್ದರು. ಕೋಟಿನಲ್ಲಿ ಅಲಂಕಾರ ಅಂತ ಏನೂ ಇಲ್ಲ. ಸಾದಾ ಕೋಟು. ಬಿಲ್ ಕಣ್ಣಿಗೆ ಬಿದ್ದದ್ದು ಅದರ ಭುಜ, ಅಲ್ಲಿನ ಕತ್ತರಿ ಕೆಲಸ. ಅದಕ್ಕೋಸ್ಕರ ಫೋಟೊ ತೆಗೆದರು. ಒಳಗಿದ್ದ ಹೆಂಗಸು ಯಾರು ಅಂತ ಗೊತ್ತಾಗಿದ್ದು ಆಮೇಲೆ. ಗ್ರೇಟಾ ಗಾರ್ಬೊ! ಒಂದು ಕಾಲದಲ್ಲಿ ಜಗತ್ತೇ ಮುಗಿಬಿದ್ದು ನೋಡಿದ ನಟಿ. ಸಿನಿಮಾ ಬಿಟ್ಟು, ಜನರಿಂದ ಮುಖ ಮರೆಸಿಕೊಂಡು ಬದುಕುತ್ತಿದ್ದವರು. ಅವರ ಒಂದು ಫೋಟೊಗಾಗಿ ಹಿಂದೆ ಬಿದ್ದ ಫೋಟೊಗ್ರಾಫರ್‌ಗಳು ಎಷ್ಟು ಜನವೋ! ಆ ವರ್ಷದ ಡಿಸೆಂಬರ್ ಕೊನೆಗೆ ಆ ಫೋಟೊ, ಅದರ ಜೊತೆ ರಸ್ತೆಯಲ್ಲಿ ತೆಗೆದ ಇನ್ನಷ್ಟು ಫೋಟೊಗಳು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದವು. ಅಲ್ಲಿಂದ ಇವರ ಪುಟ ಶುರು.

ಈ ಕಥೆಯನ್ನು ಎಲ್ಲರೂ ಅದೃಷ್ಟದ ಕಥೆ ಥರ ಹೇಳುತ್ತಾರೆ. ಚಿಕ್ಕಮ್ಮ ಕೇಳಿದ್ದೇ ಬೇರೆ. "ಭುಜ ಹೆಂಗಿತ್ತು?" ಅಂದರು. ಗಾರ್ಬೊ ಯಾರು ಅಂತ ಕೇಳಲಿಲ್ಲ. ನಾನು ಫೋಟೊ ಹುಡುಕಿ ತೋರಿಸಿದೆ. ಬಹಳ ಹೊತ್ತು ನೋಡಿದರು. ಬೆರಳಲ್ಲಿ ಪರದೆಯ ಮೇಲೆ ಕುತ್ತಿಗೆಯಿಂದ ತೋಳಿನವರೆಗೆ ಒಂದು ಗೆರೆ ಎಳೆದರು. ಭುಜ ಸರಿಯಾಗಿ ಕೂರಲಿಲ್ಲ ಅಂದ್ರೆ ಮಿಕ್ಕಿದ್ದೆಲ್ಲ ಎಷ್ಟು ಚೆಂದ ಹೊಲಿದ್ರೂ ದಂಡ, ಎಲ್ಲ ಭಾರ ಅಲ್ಲೇ ಅಲ್ವಾ ನೇತಾಡೋದು ಅಂದರು. ಬ್ಲೌಸ್ ಭುಜ ಜಾರುತ್ತೆ ಅಂತ ವಾಪಸ್ ಬರುವ ಗಿರಾಕಿಗಳನ್ನು 30 ವರ್ಷ ನೋಡಿದ ಮಾತು ಅದು.

ಬಿಲ್‌ಗೆ ಬಟ್ಟೆ ಮುಖ್ಯ, ಅದರೊಳಗೆ ಯಾರಿದ್ದಾರೆ ಅನ್ನುವುದು ಆಮೇಲಿನ ಮಾತು. ಸಿನಿಮಾದಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಪ್ಯಾರಿಸ್ಸಿನ ಒಂದು ಫ್ಯಾಷನ್ ಶೋ ಹೊರಗೆ ನಟಿ ಕ್ಯಾಥರೀನ್ ಡೆನೂವ್ ಬರುತ್ತಾರೆ, ಫೋಟೊಗ್ರಾಫರ್‌ಗಳೆಲ್ಲ ಮುಗಿಬೀಳುತ್ತಾರೆ, ಇವರು ಮಾತ್ರ ಕ್ಯಾಮೆರಾ ಎತ್ತುವುದೇ ಇಲ್ಲ. ಯಾಕೆ ಅಂದರೆ ಆಕೆ ಹಾಕಿಕೊಂಡಿರುವುದರಲ್ಲಿ ನೋಡುವಂಥದ್ದೇನೂ ಇಲ್ಲ! ಆಗ ಅಮೆರಿಕದ 'ವೋಗ್' ಫ್ಯಾಷನ್ ಪತ್ರಿಕೆಯ ಸಂಪಾದಕಿ, ಫ್ಯಾಷನ್ ಲೋಕವೇ ಹೆದರುವ ಆನಾ ವಿಂಟರ್ ಕೂಡ ಸಿನಿಮಾದಲ್ಲಿ ಹೇಳುತ್ತಾರೆ, ನಾವೆಲ್ಲ ಬಿಲ್‌ಗೋಸ್ಕರ ಬಟ್ಟೆ ಹಾಕಿಕೊಳ್ಳುತ್ತೇವೆ ಅಂತ. ಅವರ ಎದುರಿಗೂ ಬಿಲ್ ಒಂದೊಂದು ದಿನ ಕ್ಯಾಮೆರಾ ಎತ್ತದೆ ಸುಮ್ಮನೆ ನಿಂತದ್ದಿದೆಯಂತೆ. ಬಿಟ್ಟಿಯಾಗಿ ಸಿಕ್ಕಿದ ಬಟ್ಟೆ ಹಾಕಿಕೊಂಡು ಬರುವ ತಾರೆಯರಿಗಿಂತ, ತನ್ನ ದುಡ್ಡಲ್ಲಿ ಕೊಂಡು ತಾನೇ ಯೋಚನೆ ಮಾಡಿ ಹಾಕಿಕೊಂಡು ಆಫೀಸಿಗೆ ಹೊರಟವರ ಮೇಲೆ ಅವರಿಗೆ ಪ್ರೀತಿ.

ನನ್ನನ್ನು ಅಲ್ಲಾಡಿಸಿದ ಭಾಗಕ್ಕೆ ಬರುತ್ತೇನೆ.

ಟೈಮ್ಸ್‌ಗೆ ಬರುವ ಮುಂಚೆ ಬಿಲ್ 'ವಿಮೆನ್ಸ್ ವೇರ್ ಡೈಲಿ' ಪತ್ರಿಕೆಗೆ ಕೆಲಸ ಮಾಡುತ್ತಿದ್ದರು. ಶೋನಲ್ಲಿ ಮಾಡೆಲ್‌ಗಳು ಹಾಕಿಕೊಂಡ ಬಟ್ಟೆಯನ್ನೇ ರಸ್ತೆಯಲ್ಲಿ ಸಾಮಾನ್ಯ ಹೆಂಗಸರು ಹೇಗೆ ಹಾಕಿಕೊಂಡು ಓಡಾಡುತ್ತಿದ್ದಾರೆ ಅಂತ ತೋರಿಸುವ ಪುಟ ಮಾಡಿದರು. ಅವರಿಗೆ ಆ ಹೆಂಗಸರ ಬಗ್ಗೆ ಗೌರವ. ಪತ್ರಿಕೆಯವರು ಫೋಟೊ ಇಟ್ಟುಕೊಂಡು ಇವರು ಬರೆದದ್ದನ್ನು ಬದಲಾಯಿಸಿದರು. ಆ ಹೆಂಗಸರನ್ನು ಆಡಿಕೊಳ್ಳುವ ಹಾಗೆ ಮಾಡಿದರು. ಅಚ್ಚಾಗಿ ಬಂದ ಮೇಲೆ ನೋಡಿದ ಬಿಲ್‌ಗೆ ತಡೆದುಕೊಳ್ಳಲಾಗಲಿಲ್ಲ. ಕೆಲಸ ಬಿಟ್ಟರು. ಎಷ್ಟೋ ವರ್ಷದ ಮೇಲೂ ಆ ವಿಷಯ ಬಂದರೆ ಅವರಿಗೆ ನೋವು. ನಂಬಿ ರಸ್ತೆಯಲ್ಲಿ ನಡೆದು ಹೋದವರನ್ನು ತನ್ನ ಕೈಯಿಂದಲೇ ಅವಮಾನ ಮಾಡಿಸಿದ ಹಾಗಾಯಿತಲ್ಲ ಅನ್ನುವ ನೋವು.

ಇಲ್ಲಿ ನಾನು ಕನ್ನಡದಲ್ಲಿ ಹೇಳುತ್ತಾ ಹೇಳುತ್ತಾ ನಿಲ್ಲಿಸಿಬಿಟ್ಟೆ.

2014ರಲ್ಲಿ ನಾನು ಕಾಲೇಜಿನಲ್ಲಿದ್ದಾಗ ಎಥ್ನಿಕ್ ಡೇಗೆ ಅಂತ ಚಿಕ್ಕಮ್ಮ ಒಂದು ಬ್ಲೌಸ್ ಹೊಲಿದು ಕಳಿಸಿದ್ದರು. ಬದನೆಕಾಯಿ ಬಣ್ಣ, ತೋಳು ಬುಗ್ಗೆ ತೋಳು. ಆಗ ಎಲ್ಲರದ್ದೂ ತೋಳಿಲ್ಲದ ಬ್ಲೌಸು, ಬೆನ್ನಿಗೆ ದಾರ. ನನಗೆ ಅದು ಚೆಂದ ಕಂಡಿತ್ತು, ಖುಷಿಯಿಂದ ಹಾಕಿಕೊಂಡು ಹೋದೆ. ಮಧ್ಯಾಹ್ನ ಊಟದ ಹೊತ್ತಿಗೆ ಯಾರೋ ಹಿಂದಿನಿಂದ ನನ್ನ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದ್ದರು, ಕೆಳಗೆ ಅಜ್ಜಿ ಕಾಲದ ಸಿನಿಮಾ ನಾಯಕಿ ಅಂತ ಬರೆದು, ನಗುವ ಮುಖಗಳ ಸಾಲು. ಫೋಟೊ ಚೆನ್ನಾಗಿಯೇ ಬಂದಿತ್ತು, ಬರೀ ಕೆಳಗಿನ ಸಾಲು ಅದನ್ನು ಬೇರೆ ಮಾಡಿತ್ತು. ಆ ಬ್ಲೌಸನ್ನು ಮತ್ತೆ ಹಾಕಲಿಲ್ಲ. ಚಿಕ್ಕಮ್ಮ ಫೋನಿನಲ್ಲಿ ಹೇಗಿತ್ತು ಅಂತ ಕೇಳಿದಾಗ ಎಲ್ಲರೂ ಕೇಳಿದರು ಯಾರು ಹೊಲಿದದ್ದು ಅಂತ, ಅಂದೆ.

ಅವತ್ತು ಸಿನಿಮಾ ನಿಲ್ಲಿಸಿ ಅವರಿಗೆ ಇದನ್ನೆಲ್ಲ ಹೇಳಿದೆ. ಅಷ್ಟು ವರ್ಷ ಹೇಳಿರಲಿಲ್ಲ. ಅವರು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಆ ರವಿಕೆ ಐತಾ ಇನ್ನೂ?" ಅಂದರು. ಇದೆ ಅಂದೆ. "ಊರಿಗೆ ಬರುವಾಗ ತಗೊಂಬಾ. ಪಕ್ಕದಲ್ಲಿ ಬಟ್ಟೆ ಬಿಟ್ಟಿದೀನಿ, ಬಿಚ್ಚಿ ದೊಡ್ಡದು ಮಾಡ್ಕೊಡ್ತೀನಿ. ಈಗ ಬುಗ್ಗೆ ತೋಳೇ ಅಲ್ವಾ ಎಲ್ರೂ ಕೇಳೋದು."

ಇವತ್ತು ಬೆಂಗಳೂರಿನ ರಸ್ತೆಗಳಲ್ಲಿ ನಡೆದು ಹೋಗುವ ಹುಡುಗಿಯರನ್ನು ಅವರಿಗೆ ಗೊತ್ತಾಗದ ಹಾಗೆ ವಿಡಿಯೊ ಮಾಡಿ ಹಾಕುವವರಿದ್ದಾರೆ. ಅದರ ಕೆಳಗೆ ಬರುವ ಮಾತುಗಳನ್ನು ಓದೋಕಾಗುವುದಿಲ್ಲ. ಬಿಲ್ ಕೂಡ ಕೇಳದೆಯೇ ಫೋಟೊ ತೆಗೆಯುತ್ತಿದ್ದರು, ಇದನ್ನು ಮುಚ್ಚಿಡುವುದು ಬೇಡ. ನನಗೂ ಸಿನಿಮಾ ನೋಡುವಾಗ ಅಲ್ಲಲ್ಲಿ ಇದು ಚುಚ್ಚಿತು. ಅವರು ಅಪ್ಪಟ ಪ್ರಾಮಾಣಿಕರು ಅಂದ ಮಾತ್ರಕ್ಕೆ ಬೇರೆಯವರು ಹಾಗೆ ಮಾಡೋಕೆ ಅಪ್ಪಣೆ ಸಿಕ್ಕ ಹಾಗಲ್ಲ. ಆದರೆ ಅವರ ಪುಟದಲ್ಲಿ ಒಬ್ಬರನ್ನೂ ಆಡಿಕೊಂಡದ್ದಿಲ್ಲ. ಚೆನ್ನಾಗಿ ಕಾಣಿಸದವರ ಫೋಟೊ ಹಾಕಿ ನಗಿಸುವುದು ಸುಲಭ, ಮಾರಾಟವೂ ಆಗುತ್ತದೆ. ಅದಕ್ಕೆ ಅವರು ಕೈಹಾಕಲಿಲ್ಲ. ತೆಗೆದ ಎಷ್ಟೋ ಸಾವಿರ ಫೋಟೊಗಳಲ್ಲಿ ಒಂದು ವಾರ ಕಪ್ಪು-ಬಿಳಿ ಪಟ್ಟೆ, ಇನ್ನೊಂದು ವಾರ ಹಳದಿ, ಮತ್ತೊಂದು ವಾರ ಹಿಮ ಕರಗಿದ ಕೊಚ್ಚೆಯನ್ನು ದಾಟುತ್ತಿರುವ ಕಾಲುಗಳು. ಯಾವುದು ಈಗ ನಡೆಯುತ್ತಿದೆ ಅಂತ ಅವರು ಮೊದಲೇ ನಿರ್ಧಾರ ಮಾಡಿಕೊಂಡು ಹೋಗುತ್ತಿರಲಿಲ್ಲ. ರಸ್ತೆಯಲ್ಲಿ ನಿಂತು ಕಾಯುತ್ತಿದ್ದರು, ರಸ್ತೆಯೇ ಹೇಳುತ್ತಿತ್ತು.

ಹೀಗೆ ಇರೋಕೆ ಅವರು ಕೊಟ್ಟ ಬೆಲೆ ಅಂದರೆ ದುಡ್ಡು. ಎಂಬತ್ತರ ದಶಕದಲ್ಲಿ 'ಡೀಟೇಲ್ಸ್' ಅನ್ನುವ ಮ್ಯಾಗಝೀನಿಗೆ ಪುಟಗಟ್ಟಲೆ ಫೋಟೊ ಕೊಟ್ಟರು. ಚೆಕ್ ಬಂದರೆ ಹರಿದು ಹಾಕುತ್ತಿದ್ದರು. ದುಡ್ಡು ತಗೊಳ್ಳದಿದ್ದರೆ ಇದು ಮಾಡು, ಅದು ಬಿಡು ಅಂತ ಹೇಳುವ ಹಕ್ಕು ಯಾರಿಗೂ ಇರುವುದಿಲ್ಲ, ಅಷ್ಟೇ ಅವರ ವಾದ. ಟೈಮ್ಸ್‌ನವರು ಕೆಲಸಕ್ಕೆ ಸೇರಿಕೊಳ್ಳಿ ಅಂತ ಕರೆದರೂ ವರ್ಷಗಟ್ಟಲೆ ಒಪ್ಪಲಿಲ್ಲ. 1994ರಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದಾಗ ಟ್ರಕ್ ಗುದ್ದಿತು, ಆಸ್ಪತ್ರೆ ಖರ್ಚಿಗೆ ವಿಮೆ ಬೇಕಲ್ಲ ಅಂತ ಸೇರಿಕೊಂಡರು. ರಾತ್ರಿ ದೊಡ್ಡ ದೊಡ್ಡ ಪಾರ್ಟಿಗಳಿಗೆ ಫೋಟೊ ತೆಗೆಯೋಕೆ ಹೋಗುತ್ತಿದ್ದರು. ಅಲ್ಲಿ ಎಷ್ಟೇ ಬಲವಂತ ಮಾಡಿದರೂ ಒಂದು ಲೋಟ ನೀರೂ ಮುಟ್ಟುತ್ತಿರಲಿಲ್ಲ. ನನಗೆ ಇದು ಮೊದಲು ಅತಿಯಾಯಿತು ಅನ್ನಿಸಿತ್ತು. ಚಿಕ್ಕಮ್ಮನಿಗೆ ಹಾಗನ್ನಿಸಲಿಲ್ಲ. "ನೀರು ಕುಡಿದ್ರೂ ಋಣವೇ ಅಲ್ವಾ," ಅಂದರು.

ಅವರ ಮನೆ ನೋಡಬೇಕು ನೀವು. ಕಾರ್ನೆಗಿ ಹಾಲ್ ಅನ್ನುವ ಹೆಸರಾಂತ ಸಂಗೀತ ಸಭಾಂಗಣದ ಮೇಲೆ ಕಲಾವಿದರಿಗೆ ಅಂತ ಕಟ್ಟಿದ ಸ್ಟುಡಿಯೊ ಕೋಣೆಗಳಿದ್ದವು. ಅದರಲ್ಲಿ ಒಂದು ಇವರದು. ಅಡುಗೆಮನೆ ಇಲ್ಲ. ಬಚ್ಚಲು ಹೊರಗೆ ಸಾಲಿನಲ್ಲಿ, ಬೇರೆಯವರ ಜೊತೆ ಹಂಚಿಕೊಳ್ಳುವಂಥದ್ದು. ಕೋಣೆ ತುಂಬಾ ಫೈಲ್ ಇಡುವ ಕಬ್ಬಿಣದ ಬೀರುಗಳು, ಬೀರು ತುಂಬಾ ನೆಗೆಟಿವ್‌ಗಳು, ನಾಲ್ಕು ದಶಕದ ನ್ಯೂಯಾರ್ಕ್ ಬಟ್ಟೆಯೆಲ್ಲ ಅಲ್ಲಿದೆ. ಬೀರುವಿನ ಹಿಡಿಗಳಿಗೇ ಅವರ ಬಟ್ಟೆ ನೇತುಹಾಕಿದೆ. ನಡುವೆ ಒಂದು ಹಲಗೆ, ಅದರ ಮೇಲೆ ತೆಳ್ಳನೆಯ ಹಾಸಿಗೆ. ಅದೇ ಕಟ್ಟಡದಲ್ಲಿ ಎಡಿಟಾ ಶರ್ಮನ್ ಅನ್ನುವ ಫೋಟೊಗ್ರಾಫರ್ ಅಜ್ಜಿ ಇದ್ದರು, ಸಿನಿಮಾದಲ್ಲಿ 90 ದಾಟಿದವರು, ಬಿಲ್‌ನ ಹಳೆಯ ಗೆಳತಿ. ಇಬ್ಬರೂ ಸೇರಿ 1968ರಿಂದ ಎಂಟು ವರ್ಷ ಒಂದು ಕೆಲಸ ಮಾಡಿದ್ದರು. ನ್ಯೂಯಾರ್ಕಿನ ಹಳೆಯ ಕಟ್ಟಡಗಳ ಮುಂದೆ ಆಯಾ ಕಾಲದ ಬಟ್ಟೆ ಹಾಕಿಕೊಂಡು ಅಜ್ಜಿ ನಿಲ್ಲುವುದು, ಬಿಲ್ ಫೋಟೊ ತೆಗೆಯುವುದು. ಹಳೆಯ ಬಟ್ಟೆ ಹುಡುಕಿ ಸಂತೆಗಳನ್ನೆಲ್ಲ ಸುತ್ತಿದ್ದಾರೆ. ಸಿನಿಮಾ ನಡೆಯುವ ಹೊತ್ತಿಗೆ ಆ ಕೋಣೆಗಳನ್ನು ಖಾಲಿ ಮಾಡಿಸುತ್ತಿದ್ದಾರೆ. ಅಜ್ಜಿಗೆ ಸಿಟ್ಟು, ಬಿಲ್‌ಗೆ ನನ್ನ ಬೀರುಗಳೆಲ್ಲಿಗೆ ಹೋಗಬೇಕು ಅನ್ನುವುದೊಂದೇ ಚಿಂತೆ. ಕೊನೆಗೆ ಸೆಂಟ್ರಲ್ ಪಾರ್ಕ್ ಕಾಣಿಸುವ ಮನೆ ತೋರಿಸಿದರೆ, ಅಡುಗೆಮನೆ ಯಾಕೆ ಬೇಕು, ಇನ್ನೊಂದು ಕೋಣೆ ಗುಡಿಸುವ ಕೆಲಸ ಅನ್ನುತ್ತಾರೆ.

ಸಿನಿಮಾ ಮಾಡೋಕೆ ಇವರನ್ನು ಒಪ್ಪಿಸುವಷ್ಟರಲ್ಲಿ ಎಂಟು ವರ್ಷ ಹೋಯಿತಂತೆ. ಆಮೇಲೆ ಎರಡು ವರ್ಷ ಚಿತ್ರೀಕರಣ, ಸಂಕಲನ. ದೊಡ್ಡ ತಂಡ, ಲೈಟು, ಮೈಕು ಏನೂ ಇಲ್ಲ. ಸಣ್ಣ ಕ್ಯಾಮೆರಾ ಹಿಡಿದುಕೊಂಡು ಪತ್ರಿಕೆಯ ಆಫೀಸಿನಲ್ಲಿ, ರಸ್ತೆಯಲ್ಲಿ ಅವರು ಸಿಕ್ಕಿದ ಹೊತ್ತಿಗೆ ಸಿಕ್ಕಿದಷ್ಟು ತೆಗೆದಿದ್ದಾರೆ. ಅದಕ್ಕೇ ಚಿತ್ರ ಅಲ್ಲಲ್ಲಿ ಅಲ್ಲಾಡುತ್ತದೆ, ಬೆಳಕು ಕಡಿಮೆ. ನನಗೆ ಅದು ಇಷ್ಟ. ಮೊದಲ ಪ್ರದರ್ಶನಕ್ಕೆ ಬಿಲ್ ಬಂದರು. ಬಾಗಿಲಲ್ಲಿ ನಿಂತು ಬಂದವರ ಬಟ್ಟೆಯ ಫೋಟೊ ತೆಗೆದು, ಒಳಗೆ ಕೂರದೆ ಹೊರಟುಹೋದರು.

ನನಗೆ ಒಂದು ಅಸಮಾಧಾನ ಇದೆ. ಹೆಸರಾಂತ ಶ್ರೀಮಂತರು ಬಂದು ಕುರ್ಚಿಯಲ್ಲಿ ಕೂತು ಬಿಲ್ ಎಷ್ಟು ಒಳ್ಳೆಯವರು ಅಂತ ಹೇಳುವುದು ಜಾಸ್ತಿಯಾಯಿತು. ಅಷ್ಟು ಹೊತ್ತು 57ನೇ ಬೀದಿಯ ಮೂಲೆಯಲ್ಲಿ ಅವರ ಪಕ್ಕ ಸುಮ್ನೆ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಅವರಲ್ಲೇ ಒಬ್ಬರು, ನೇಪಾಳದವರು, ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಶೈಲ್ ಉಪಾಧ್ಯ ಅಂತ, ತಮ್ಮ ಹಳೆಯ ಸೋಫಾದ ಬಟ್ಟೆಯಲ್ಲೇ ಸೂಟು ಹೊಲಿಸಿಕೊಂಡದ್ದನ್ನು ತೋರಿಸುತ್ತಾರೆ. ಚಿಕ್ಕಮ್ಮ ಅದನ್ನು ಎರಡು ಸಲ ಹಾಕಿಸಿಕೊಂಡು ನೋಡಿದರು. ಸೋಫಾ ಬಟ್ಟೆ ದಪ್ಪ, 14 ನಂಬರ್ ಸೂಜಿ ಮುರಿದೇ ಹೋಗುತ್ತೆ, ಹೊಲಿದವನು ಗಟ್ಟಿಗ ಅಂದರು.

2008ರಲ್ಲಿ ಫ್ರಾನ್ಸ್ ಸರ್ಕಾರ ಕಲೆ-ಸಾಹಿತ್ಯದ ದೊಡ್ಡ ಗೌರವ ಕೊಡುತ್ತದೆ. ಆ ಸಮಾರಂಭಕ್ಕೂ ನೀಲಿ ಕೋಟಿನಲ್ಲೇ ಬರುತ್ತಾರೆ, ತಮಗೇ ಸನ್ಮಾನ ನಡೆಯುವ ಜಾಗದಲ್ಲಿ ಓಡಾಡಿಕೊಂಡು ಬಂದವರ ಫೋಟೊ ತೆಗೆಯುತ್ತಾರೆ. ಮೈಕಿನ ಮುಂದೆ ನಿಂತು, ಚೆಲುವನ್ನು ಹುಡುಕುವವರಿಗೆ ಅದು ಸಿಕ್ಕೇ ಸಿಗುತ್ತದೆ ಅನ್ನುವ ಮಾತು ಹೇಳುವಾಗ ಗಂಟಲು ಕಟ್ಟುತ್ತದೆ. ಅದೇ ಪ್ಯಾರಿಸ್ಸಿನಲ್ಲಿ ಒಂದು ಶೋ ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತ ಹುಡುಗಿ ಇವರನ್ನು ಗುರುತಿಸದೆ ತಡೆಯುತ್ತಾಳೆ, ಇವರು ಸುಮ್ಮನೆ ಪಕ್ಕಕ್ಕೆ ನಿಂತು ಕಾಯುತ್ತಾರೆ. ನಾನ್ಯಾರು ಗೊತ್ತಾ ಅನ್ನುವ ಒಂದು ಮಾತಿಲ್ಲ. ಒಳಗಿನಿಂದ ಯಾರೋ ಹಿರಿಯರು ಓಡಿಬಂದು, ಇವರು ಭೂಮಿ ಮೇಲಿನ ಅತಿ ಮುಖ್ಯವಾದ ಮನುಷ್ಯ ಅಂತ ಹೇಳಿ ಕೈಹಿಡಿದು ಕರೆದುಕೊಂಡು ಹೋಗುತ್ತಾರೆ.

ಕೊನೆಯ ಹತ್ತಿರ ನಿರ್ದೇಶಕರು ಎರಡು ಪ್ರಶ್ನೆ ಕೇಳುತ್ತಾರೆ. ಜೀವನದಲ್ಲಿ ಯಾರನ್ನಾದರೂ ಪ್ರೀತಿಸಿದ್ದಿರಾ ಅಂತ ಒಂದು. ಬಿಲ್ ನಗುತ್ತಾರೆ, ಇಲ್ಲ, ಅದಕ್ಕೆ ಪುರಸೊತ್ತೇ ಇರಲಿಲ್ಲ ಅನ್ನುವ ಥರ ಉತ್ತರ ಕೊಡುತ್ತಾರೆ. ಮನೆಯವರು ಯಾಕೆ ಫ್ಯಾಷನ್ ಕೆಲಸ ಬೇಡ ಅಂದರು ಅನ್ನುವುದನ್ನೂ ಅವರೇ ಮೆಲ್ಲಗೆ ಹೇಳುತ್ತಾರೆ. ಇನ್ನೊಂದು, ನೀವು ಪ್ರತಿ ಭಾನುವಾರ ಚರ್ಚಿಗೆ ಹೋಗುತ್ತೀರಂತೆ, ಧರ್ಮ ನಿಮಗೆ ಅಷ್ಟು ಮುಖ್ಯವಾ ಅಂತ. ಬಿಲ್ ತಲೆ ತಗ್ಗಿಸುತ್ತಾರೆ. ಮಾತಿಲ್ಲ. ಎಷ್ಟು ಹೊತ್ತು ಅಂದರೆ ನೋಡುವ ನಮಗೆ ಉಸಿರು ಕಟ್ಟುತ್ತದೆ. ಆಮೇಲೆ ತಲೆಯೆತ್ತಿ, ಅದು ತನಗೆ ಬೇಕು ಅನ್ನುತ್ತಾರೆ. ಚಿಕ್ಕವನಿದ್ದಾಗ ಚರ್ಚಿನಲ್ಲಿ ಕೂತು ಹೆಂಗಸರ ಟೋಪಿಗಳನ್ನೇ ನೋಡುತ್ತಿದ್ದೆ ಅಂತಲೂ ಹೇಳಿ ನಗುತ್ತಾರೆ.

ಈ ಪ್ರಶ್ನೆ ಕೇಳಬೇಕಿತ್ತಾ ಅಂತ ನಾನು ಬಹಳ ಯೋಚಿಸಿದ್ದೇನೆ. ಮೊದಲ ಸಲ ನೋಡಿದಾಗ ಸಿಟ್ಟು ಬಂದಿತ್ತು. ಎರಡನೇ ಸಲ, ಕೇಳಿದ್ದು ಸರಿ ಅನ್ನಿಸಿತು. ಅವರು ಸತ್ತ ಮೇಲೆ ಸಿಕ್ಕ ಆತ್ಮಕಥೆ 2018ರಲ್ಲಿ ಪುಸ್ತಕವಾಗಿ ಬಂದಿದೆ. ಅದರಲ್ಲಿ ನಾಲ್ಕು ವರ್ಷದ ಹುಡುಗ ಅಕ್ಕನ ಗುಲಾಬಿ ಬಣ್ಣದ ಫ್ರಾಕ್ ಹಾಕಿಕೊಂಡು ಸಿಕ್ಕಿಬಿದ್ದು ಅಮ್ಮನ ಕೈಯಲ್ಲಿ ಹೊಡೆಸಿಕೊಳ್ಳುತ್ತಾನೆ. ಅದನ್ನು ಓದಿದ ಮೇಲೆ ಆ ತಗ್ಗಿದ ತಲೆ ನನಗೆ ಬೇರೆಯೇ ಥರ ಕಾಣಿಸುತ್ತದೆ. ಮೂರನೇ ಸಲ ಚಿಕ್ಕಮ್ಮನಿಗೆ ಆ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಲೇ ಇಲ್ಲ. ಅವರೂ ಕೇಳಲಿಲ್ಲ. ತಾತ ತಲೆ ತಗ್ಗಿಸಿಕೊಂಡು ಇರುವಷ್ಟು ಹೊತ್ತು ಅವರು ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

ಬಿಲ್ ತೀರಿಹೋದದ್ದು 2016ರ ಜೂನ್ 25ಕ್ಕೆ, ಪಾರ್ಶ್ವವಾಯು ಹೊಡೆದ ಮೇಲೆ. 87 ವರ್ಷ. ಅಲ್ಲಿಯವರೆಗೂ ಕೆಲಸ ಬಿಟ್ಟಿರಲಿಲ್ಲ.

ಹೋದ ತಿಂಗಳು ತಿಪಟೂರಿಗೆ ಹೋದಾಗ ಆ ಬದನೆಕಾಯಿ ಬಣ್ಣದ ಬ್ಲೌಸ್ ತಗೊಂಡು ಹೋಗಿದ್ದೆ. ಚಿಕ್ಕಮ್ಮ ತಿರುಗಿಸಿ ನೋಡಿ, ಬ್ಲೇಡಿನಲ್ಲಿ ಪಕ್ಕದ ಹೊಲಿಗೆ ಬಿಚ್ಚತೊಡಗಿದರು. ಒಳಗೆ ಎರಡೂ ಕಡೆ ಒಂದೊಂದು ಇಂಚು ಬಟ್ಟೆ ಬಿಟ್ಟಿದ್ದರು. ಅಷ್ಟು ವರ್ಷ ಬೀರುವಿನಲ್ಲಿದ್ದರೂ ಒಳಗಿನ ಆ ಇಂಚಿಗೆ ಮಾತ್ರ ಬಣ್ಣ ಮಾಸಿರಲಿಲ್ಲ. ಅವರು ಬಿಚ್ಚುತ್ತಿರುವಾಗ ನಾನು ಅಳತೆ ಪುಸ್ತಕ ಕೇಳಿದೆ. ಮಿಷಿನ್ ಕೆಳಗಿನಿಂದ ತೆಗೆದು ಕೊಟ್ಟರು. ಹಿಂದಿನಿಂದ ತೆರೆದೆ. ಪುಟಕ್ಕೆ ಮೂರೋ ನಾಲ್ಕೋ ಚಿತ್ರ, ಪೆನ್ಸಿಲಿನಲ್ಲಿ. ಬರೀ ತೋಳು, ಬರೀ ಬೆನ್ನು, ಬರೀ ಕತ್ತು. ಯಾರ ಮುಖವೂ ಇಲ್ಲ, ಯಾರ ಹೆಸರೂ ಇಲ್ಲ. ಪಕ್ಕದಲ್ಲಿ ಎಲ್ಲಿ ನೋಡಿದ್ದು ಅಂತ ಒಂದು ಸಾಲು. ಗಣಪತಿ ಬಿಡೋ ದಿನ, ಹಸಿರು ಸೀರೆ, ಬೆನ್ನಿಗೆ ಎಲೆ ಆಕಾರ. ಅರಸೀಕೆರೆ ರೈಲು, ಟೀಚರ್ ಇರಬೇಕು, ಕಾಲರ್ ಕತ್ತು. ಮಧ್ಯದಲ್ಲೊಂದು ಪುಟದಲ್ಲಿ ನನ್ನ ತೋಳು ಸಿಕ್ಕಿತು, ಅದೇ ಬುಗ್ಗೆ, ಭುಜದ ಹತ್ತಿರ ಒತ್ತಾಗಿ ನೆರಿಗೆ, ಮೊಣಕೈ ಮೇಲೆ ಸಣ್ಣ ಪಟ್ಟಿ. ಪಕ್ಕದಲ್ಲಿ ಬರೆದಿತ್ತು: 'ಬಸ್‌ಸ್ಟ್ಯಾಂಡ್. ಹೂ ಮಾರೋಳು. 7 ನೆರಿಗೆ. ಕೂಸುಮರಿಗೆ ಒಪ್ಪುತ್ತೆ.'

ಕೂಸುಮರಿ ಅಂತ ನನ್ನನ್ನು ಕರೆಯುವುದು ಅವರೊಬ್ಬರೇ.

"ತೋಳೆತ್ತು, ಅಳತೆ ತಗೋಬೇಕು," ಅಂದರು ಚಿಕ್ಕಮ್ಮ, ಟೇಪು ಬಿಡಿಸುತ್ತಾ.